ಸಂತೆಕಟ್ಟೆಯ ಕೊನೆಯ ಜಾಗ

“ಅಜ್ಜಾರ, ಅಡ್ಜಸ್ಟ್ ಮಾಡ್ಕೊಂಡು ಹೋಗೂದು ಗುಣಾನೋ, ದೋಷಾನೋ?”

ಶಿಷ್ಯ ಪರ್ವತಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಠದಲ್ಲಿ ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಊಟ, ವಸತಿ, ಬಂದವರು ಹೋದವರು ಎಲ್ಲವನ್ನೂ ನೋಡಿಕೊಳ್ಳುವ ಹೊಣೆ ಪರ್ವತಯ್ಯನದು.

ಗುರುಗಳು ತಲೆ ಎತ್ತಲಿಲ್ಲ.

“ಯಾವ ಅಡ್ಜಸ್ಟು? ಆ ಮಾತಿಗೆ ಒಂದ ಅರ್ಥ ಇದ್ದರ ಹೇಳಬಹುದಿತ್ತು. ಬಸ್ಸಿನಾಗ ಮೂರು ಮಂದಿ ಕೂಡೂ ಸೀಟಿಗೆ ನಾಲ್ಕನೇದಾಂವ ಬಂದು ಅಡ್ಜಸ್ಟ್ ಮಾಡ್ಕೊಳ್ರಿ ಅಂತಾನ. ಅಂದ್ರ ಅತ್ತಾಗ ಸರೀರಿ ಅಂತ. ಕಚೇರಿಯಾಗ ಸಾಹೇಬನೂ ಏನರೆ ಅಡ್ಜಸ್ಟ್ ಮಾಡ್ರಿ ಅಂತಾನ. ಅಂದ್ರ ಕಿಸೇಕ್ಕ ಕೈ ಹಾಕ್ರಿ ಅಂತ. ಅಂಗಡಿಯಾಂವ ಚಿಲ್ಲರೆ ಬದಲಿ ಪೆಪ್ಪರಮಿಂಟ್ ಕೊಟ್ಟು ಅದನ್ನ ಅಂತಾನ. ದರ್ಜಿ ಅಂಗಿ ಬಿಗಿ ಹೊಲದು ಅದನ್ನ ಅಂತಾನ. ಮುಂದ ನಮ್ಮ ಹೊಟ್ಟೀನ ಕರಗಬೇಕು. ಸೈಕಲ್ಲಿನ ಬ್ರೇಕಿಗೂ ಅದ ಮಾತು, ಹೊಸಾ ಸೊಸಿಗೂ ಅದ ಮಾತು. ನೀ ಯಾವುದನ್ನ ಕೇಳತಿ?”

ಪರ್ವತಯ್ಯ ನಕ್ಕ. ಆದರೆ ಅವನ ಮನಸ್ಸು ನಗುವ ಸ್ಥಿತಿಯಲ್ಲಿರಲಿಲ್ಲ. ಅವನು ವಿಷಯ ಹೇಳಿದ.

ಶ್ರಾವಣದ ಪುರಾಣ ಕೇಳಲು ಈ ವರ್ಷ ಪರವೂರಿನಿಂದ ತುಂಬ ಜನ ಬಂದಿದ್ದರು. ಮಠದ ಕೋಣೆಗಳು ಸಾಲಲಿಲ್ಲ. ಬಂದವರನ್ನು ಬೀದಿಯಲ್ಲಿ ಮಲಗಿಸಲಾಗುವುದಿಲ್ಲ. ಹಾಗಾಗಿ ಪುರಾಣ ಹೇಳುವ ಶಾಸ್ತ್ರಿಗಳು ತಮ್ಮ ದೊಡ್ಡ ಕೋಣೆ ಬಿಟ್ಟು ಲೆಕ್ಕದವರ ಕೋಣೆಗೆ ಬಂದರು. ಲೆಕ್ಕದವರು ಉಗ್ರಾಣಕ್ಕೆ ಬಂದರು. ಉಗ್ರಾಣದ ಅಕ್ಕಿ ಚೀಲಗಳು ಅಡುಗೆಯ ದ್ಯಾಮವ್ವನ ಕೋಣೆಗೆ ಬಂದವು. ದ್ಯಾಮವ್ವ ಒಲೆಯ ಹಿಂದಿನ ಕಟ್ಟೆಗೆ ಬಂದಳು.

“ಮತ್ತ ಯಾರು ಸರಿದರು?” ಎಂದು ಗುರುಗಳು ಕೇಳಿದರು.

“ಅಷ್ಟ ರೀ, ಅಜ್ಜಾರ.”

ಒಲೆಯ ಹಿಂದಿನ ಕಟ್ಟೆಗೆ ಒಂದು ಕಡೆ ಹೊಗೆ, ಇನ್ನೊಂದು ಕಡೆ ಮಳೆಯ ಇರಚಲು. ದ್ಯಾಮವ್ವ ಜಗಳ ಮಾಡಲಿಲ್ಲ. ಎರಡು ಸಲ ಬಂದು ಹೇಳಿದಳು. ಎರಡು ಸಲವೂ ಪರ್ವತಯ್ಯ, “ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಯವ್ವಾ, ಶ್ರಾವಣ ಮುಗಿಯೂ ತನಕ” ಎಂದ. ಇವತ್ತು ಬೆಳಗಿನ ಪ್ರಸಾದ ಬಡಿಸಿ, ಪಾತ್ರೆ ತಿಕ್ಕಿ ಬೋರಲು ಹಾಕಿ, ಅವಳು ತನ್ನ ಸೀರೆಗಳನ್ನು ಗಂಟು ಕಟ್ಟಿದ್ದಳು. ನಾಳೆಯ ಬಸ್ಸಿಗೆ ತಂಗಿಯ ಊರಿಗೆ ಹೋಗುತ್ತಾಳಂತೆ. ಪರ್ವತಯ್ಯ ಮಠಕ್ಕೆ ಬರುವ ಮೊದಲೇ ಆ ಒಲೆಯ ಮುಂದೆ ಕೂತವಳು ಅವಳು.

“ಆಕಿ ಹೋದರ ಇಷ್ಟು ಮಂದಿಗೆ ಅನ್ನ ಹಾಕೋರು ಯಾರ್ರಿ? ಎಲ್ಲಾರೂ ಅಡ್ಜಸ್ಟ್ ಮಾಡ್ಕೊಂಡಾರ, ಆಕಿಗೊಬ್ಬಾಕಿಗೆ ಆಗವಲ್ದು. ನೀವೊಂದು ಮಾತು ಹೇಳ್ರಿ. ನಿಮ್ಮ ಮಾತು ಮೀರೂದಿಲ್ಲ ಆಕಿ.”

ಗುರುಗಳು ಹುಣಸೆಹಣ್ಣಿನ ಅರ್ಧ ರಾಶಿಯನ್ನು ಅವನ ಕಡೆಗೆ ತಳ್ಳಿದರು. “ಬೀಜ ಬಿಡಿಸಕೋತ ಕೇಳು” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ವಾರದ ಸಂತೆ ನಡೆಯುತ್ತಿತ್ತು. ಸಂತೆಯಲ್ಲಿ ಒಂದು ಉದ್ದನೆಯ ಕಲ್ಲುಕಟ್ಟೆ, ಅದರ ಮೇಲೆ ತಗಡಿನ ಮಾಡು. ಕಟ್ಟೆಯ ಒಂದು ತುದಿಗೆ ಗೋಡೆ, ಪಡುವಣದ ತುದಿಗೆ ಬಯಲು. ಹೊತ್ತು ಇಳಿಯತೊಡಗಿದರೆ ಬಯಲಿನ ಕಡೆಯಿಂದ ಬಿಸಿಲು ಒಳಗೆ ಬರುತ್ತಿತ್ತು. ಗೋಡೆಯ ಪಕ್ಕ ಕೂತವರಿಗೆ ಸಂಜೆಯ ತನಕ ನೆರಳು. ಕೊನೆಯಲ್ಲಿ ಕೂತವರಿಗೆ ಮಧ್ಯಾಹ್ನದಿಂದ ಬಿಸಿಲು.

ಆ ಕಟ್ಟೆಯ ಮೇಲೆ ಯಾರಿಗೂ ಸ್ವಂತ ಜಾಗ ಇರಲಿಲ್ಲ. ಹಿರಿಯರು ಎರಡು ಕಟ್ಟಳೆ ಮಾಡಿಟ್ಟಿದ್ದರು. ಹೊಸಬರು ಯಾರೇ ಬಂದರೂ ಇಲ್ಲವೆನ್ನಬಾರದು. ಎಲ್ಲರೂ ಒಂದೊಂದು ಗೇಣು ಸರಿದು ಜಾಗ ಕೊಡಬೇಕು. ಇದು ಒಂದು. ಈ ಸಂತೆಯಲ್ಲಿ ಕೊನೆಗೆ ಕೂತವರು ಮುಂದಿನ ಸಂತೆಯಲ್ಲಿ ಗೋಡೆಯ ಪಕ್ಕಕ್ಕೆ ಬರಬೇಕು, ಉಳಿದವರು ಒಂದೊಂದು ಜಾಗ ಬಿಸಿಲಿನ ಕಡೆಗೆ ಸರಿಯಬೇಕು. ಇದು ಇನ್ನೊಂದು. ಹೀಗಾಗಿ ಬಿಸಿಲು ಎಲ್ಲರಿಗೂ ಬರುತ್ತಿತ್ತು, ಎಲ್ಲರನ್ನೂ ಬಿಟ್ಟು ಹೋಗುತ್ತಿತ್ತು. ಕೊನೆಯಲ್ಲಿ ಕೂತವರು ತಲೆಗೆ ವಸ್ತ್ರ ಹಾಕಿಕೊಂಡು ನಗುತ್ತಲೇ ವ್ಯಾಪಾರ ಮಾಡುತ್ತಿದ್ದರು. ಮುಂದಿನ ವಾರ ಗೋಡೆ ಅವರದೇ.

ಒಂದು ಸಂತೆಯಲ್ಲಿ ಗೋಡೆಯ ಪಕ್ಕ ಕೂರುವ ಸರದಿ ಬೆಲ್ಲದ ವರ್ತಕನಿಗೆ ಬಂತು. ಅವತ್ತು ಕೊನೆಯ ಜಾಗದಲ್ಲಿ ಇದ್ದವಳು ಹೂ ಮಾರುವ ಹೆಂಗಸು. ಮುಂದಿನ ಸಂತೆಗೆ ಅವಳು ಬುಟ್ಟಿ ಹೊತ್ತು ಗೋಡೆಯ ಹತ್ತಿರ ಬಂದಳು. ವರ್ತಕ ಅವಳಿಗಿಂತ ಮೊದಲೇ ಬಂದು ಅದೇ ಜಾಗದಲ್ಲಿ ಬೆಲ್ಲದ ಪೆಂಟೆಗಳನ್ನು ಪೇರಿಸಿ, ಗೋಡೆಗೆ ಒರಗಿ ಕೂತಿದ್ದ.

“ಬೆಲ್ಲ ಭಾರ ಐತವ್ವ, ನಿನ್ನ ಬುಟ್ಟಿ ಹಗರ. ಇವತ್ತೊಂದಿನ ಅಡ್ಜಸ್ಟ್ ಮಾಡ್ಕೋ” ಎಂದ.

ಹೂವಿನವಳು ಸಾಲಿನಲ್ಲಿ ಕೂತವರ ಮುಖ ನೋಡಿದಳು. ಮೊದಲು ಬಾಯಿ ತೆರೆದವನು ವೀಳ್ಯದೆಲೆ ಮಾರುವವನು. “ಹೌದವ್ವ, ಒಂದಿನದ ಮಾತು” ಎಂದ. ಅವಳು ಗೋಡೆಗೆ ಬಂದರೆ ಬಿಸಿಲಿಗೆ ಹೋಗುವ ಸರದಿ ಅವನದಾಗಿತ್ತು. ಉಳಿದವರಿಗೂ ಒಂದೊಂದು ಜಾಗ ಬಿಸಿಲಿನ ಕಡೆಗೆ ಸರಿಯುವುದು ತಪ್ಪಿತು. ಎಲ್ಲರೂ ತಲೆ ಆಡಿಸಿದರು. ಅವಳು ಬುಟ್ಟಿ ಎತ್ತಿಕೊಂಡು ಕೊನೆಗೆ ಹೋಗಿ ಕೂತಳು.

ಮುಂದಿನ ವಾರವೂ ಬೆಲ್ಲ ಭಾರವಾಗಿಯೇ ಇತ್ತು. ಅದರ ಮುಂದಿನ ವಾರ ಯಾರೂ ಕೇಳಲಿಲ್ಲ. ಹೂವಿನವಳು ನೇರವಾಗಿ ಕೊನೆಯ ಜಾಗಕ್ಕೆ ನಡೆದಳು. ಹೀಗೆ ಎರಡನೆಯ ಕಟ್ಟಳೆ ಸತ್ತಿತು. ಅದು ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಮೊದಲನೆಯದನ್ನು ಎಲ್ಲರೂ ಬಹಳ ಶ್ರದ್ಧೆಯಿಂದ ಪಾಲಿಸುತ್ತಿದ್ದರು.

ವರ್ತಕ ಮನುಷ್ಯಪ್ರೀತಿಯವನು. ಹೊಸಬರು ಯಾರೇ ಬರಲಿ, ಕೈ ಬೀಸಿ ಕರೆದು ತನ್ನ ಮಗ್ಗುಲಲ್ಲೇ ಕೂರಿಸಿಕೊಳ್ಳುತ್ತಿದ್ದ. “ಬರ್ರಿ, ಬರ್ರಿ. ಏ, ಎಲ್ಲಾರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಪಾ” ಎನ್ನುತ್ತಿದ್ದ. ಬೆಳ್ಳುಳ್ಳಿ ಮಾರುವ ಅವನ ಮೈದುನ ಬಂದ. ಬಾಚಣಿಗೆ ಮಾರುವವನು ಬಂದ. ಒಣಮೆಣಸಿನಕಾಯಿಯವನು ಬಂದ. ಒಬ್ಬೊಬ್ಬರು ಬಂದಾಗಲೂ ಸಾಲಿನವರೆಲ್ಲ ಒಂದು ಗೇಣು ಸರಿದರು. ಒಂದು ಗೇಣಿನಿಂದ ಯಾರಿಗೂ ಏನೂ ಆಗಲಿಲ್ಲ. ಪುಣ್ಯ ಮಾತ್ರ ಬಂದಂತೆ ಅನ್ನಿಸಿತು. ವರ್ತಕ ಸರಿಯಲಿಲ್ಲ. ಅವನ ಬೆನ್ನಿಗೆ ಗೋಡೆಯಿತ್ತು.

ಗೇಣಿಗೆ ಗೇಣು ಕೂಡಿ ಹೂವಿನವಳ ಬುಟ್ಟಿ ಒಂದು ದಿನ ಕಟ್ಟೆಯಿಂದ ಕೆಳಗೆ ಇಳಿಯಿತು. ಕೆಳಗೆ ಮಾಡು ಇಲ್ಲ. ಅವಳು ಹೂವಿನ ಮೇಲೆ ಒದ್ದೆ ಬಟ್ಟೆ ಹೊದಿಸಿದಳು, ಆಗಾಗ ನೀರು ಚಿಮುಕಿಸಿದಳು. ಬಟ್ಟೆ ಒಣಗುವಷ್ಟರಲ್ಲಿ ಮಲ್ಲಿಗೆ ಕಂದುತ್ತಿತ್ತು. ಬೆಲ್ಲ ಒಂದು ವಾರ ಮಾರದಿದ್ದರೆ ಇನ್ನೊಂದು ವಾರ ಮಾರುತ್ತದೆ. ಮಲ್ಲಿಗೆಗೆ ಇನ್ನೊಂದು ವಾರ ಇಲ್ಲ. ಸಂಜೆ ಬಂದ ಹೆಂಗಸರು ಮಾಲೆ ಎತ್ತಿ ನೋಡಿ ಮೂಗು ಮುರಿದು ಹೋಗುತ್ತಿದ್ದರು. ಅವಳ ಮನೆಯ ಒಲೆ ಹತ್ತುತ್ತಿದ್ದುದು ಆ ಬುಟ್ಟಿಯಿಂದಲೇ.

ಒಂದು ಸಂತೆಯಲ್ಲಿ ಅವಳು ಕಂದಿದ ಮಾಲೆಯನ್ನು ಕೈಯಲ್ಲಿ ಹಿಡಿದು ಕಟ್ಟೆಯ ಮುಂದೆ ಗೋಡೆಯ ತನಕ ನಡೆದು ಬಂದಳು. ಒಬ್ಬೊಬ್ಬರಿಗೂ ಅದನ್ನು ತೋರಿಸಿದಳು. ಪ್ರತಿಯೊಬ್ಬರೂ ತಾವು ಎಷ್ಟು ಸರಿದಿದ್ದೇವೆಂದು ಗೇಣು ಹಾಕಿ ತೋರಿಸಿದರು. ಯಾರೂ ಸುಳ್ಳು ಹೇಳಲಿಲ್ಲ. ವರ್ತಕನಿಗೆ ಪಾಪ ಅನ್ನಿಸಿ ಒಂದು ಬೆಲ್ಲದ ಉಂಡೆ ಕೊಟ್ಟ. ಅವಳು ಅದನ್ನು ತೆಗೆದುಕೊಳ್ಳದೆ ಹೋದಳು. ಮುಂದಿನ ಸಂತೆಗೆ ಬರಲಿಲ್ಲ.

ಸಾಲು ಸ್ವಲ್ಪ ಸಡಿಲವಾಯಿತು. ಎಲ್ಲರೂ ಕಾಲು ಚಾಚಿ ಕೂತರು. ಅಷ್ಟರಲ್ಲಿ ಇನ್ನೊಬ್ಬ ಹೊಸಬ ಬಂದ. ಈ ಸಲ ಕಟ್ಟೆಯಿಂದ ಇಳಿದವನು ವೀಳ್ಯದೆಲೆಯವನು. ಅವನು ಕೂಗಾಡಿದ, ಹಳೆಯ ಕಟ್ಟಳೆ ನೆನಪಿಸಿದ. ಅವನ ಪಕ್ಕದ ನಿಂಬೆಹಣ್ಣಿನವನು, “ಒಂದಿನದ ಮಾತಪಾ” ಎಂದ. ಎಲೆ ಒಣಗಿತು, ಎಲೆಯವನು ಹೋದ. ಆಮೇಲೆ ನಿಂಬೆಹಣ್ಣಿನವನು. ಹೂವಿಲ್ಲದ, ಎಲೆಯಿಲ್ಲದ ಸಂತೆಗೆ ಹೆಂಗಸರು ಬರುವುದು ಬಿಟ್ಟರು. ಹೆಂಗಸರು ಬರದ ಸಂತೆಯಲ್ಲಿ ಬಾಚಣಿಗೆಯವನಿಗೇನು ಕೆಲಸ? ಅವನೂ ಹೋದ. ಕೊನೆಗೆ ಮೈದುನ ಕೂಡ ಬೆಳ್ಳುಳ್ಳಿ ಚೀಲ ಹೆಗಲಿಗೇರಿಸಿ ಬೇರೆ ಸಂತೆ ಹಿಡಿದ.

ಒಂದು ಮಧ್ಯಾಹ್ನ ಆ ದಾರಿಯಲ್ಲಿ ಹೊರಟಿದ್ದ ಒಬ್ಬ ಪಯಣಿಗ ನೆರಳು ಕಂಡು ಕಟ್ಟೆ ಹತ್ತಿದ. ಉದ್ದನೆಯ ಕಟ್ಟೆ, ತಂಪು ಮಾಡು. ಗೋಡೆಗೆ ಒರಗಿ ಒಬ್ಬನೇ ವರ್ತಕ. ಬೆಲ್ಲದ ಮೇಲೆ ನೊಣ.

“ಇಷ್ಟು ಚಲೋ ಕಟ್ಟಿ ಐತಿ, ಉಳಿದೋರೆಲ್ಲಿ ಹೋದರು?” ಎಂದು ಪಯಣಿಗ ಕೇಳಿದ.

ವರ್ತಕನ ಕಣ್ಣಲ್ಲಿ ನೀರು ಬಂತು. “ಏನು ಹೇಳೂದ್ರಿ. ಎಲ್ಲಾರನ್ನೂ ಕರದು ಜಾಗ ಮಾಡಿ ಕೊಟ್ಟೆ. ಈಗಿನ ಮಂದಿಗೆ ಅಡ್ಜಸ್ಟ್ ಮಾಡ್ಕೊಂಡು ಇರೂದ ಗೊತ್ತಿಲ್ಲ” ಎಂದ.

ಗುರುಗಳು ಕತೆ ನಿಲ್ಲಿಸಿದರು. ಅವರ ಮುಂದಿನ ರಾಶಿ ಮುಗಿದಿತ್ತು. ಪರ್ವತಯ್ಯನದು ಹಾಗೇ ಇತ್ತು. ಕೇಳುತ್ತ ಅವನು ಕೈ ಆಡಿಸುವುದನ್ನೇ ಮರೆತಿದ್ದ.

“ಎಂಥಾ ಮನಷ್ಯಾರಿ ಅಂವ” ಎಂದ ಪರ್ವತಯ್ಯ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಅಷ್ಟೂ ಮಂದೀನ ಎಬ್ಬಿಸಿ ಕಳಿಸಿ, ಮ್ಯಾಲೆ ಅವರದ ತಪ್ಪು ಅಂತಾನಲ್ರಿ.”

“ಕೆಟ್ಟಾಂವ ಅಲ್ಲ ಬಿಡು. ಏಳು ಅಂತ ಯಾರಿಗೂ ಅನ್ನಲಿಲ್ಲ ಅಂವ. ತಾ ಏಳಲಿಲ್ಲ, ಅಷ್ಟ.”

ಅಡುಗೆಮನೆಯ ಬಾಗಿಲಲ್ಲಿ ದ್ಯಾಮವ್ವನ ಗಂಟು ಕಾಣುತ್ತಿತ್ತು. ಪರ್ವತಯ್ಯ ಅದನ್ನು ನೋಡಿದ.

“ಹಂಗಾರ ಆಕಿಗೆ ಇರು ಅಂತ ಹೇಳತೀರಿ ಹೌದಲ್ರಿ, ಅಜ್ಜಾರ?”

ಗುರುಗಳು ಕೈಗೆ ಅಂಟಿದ ಹುಳಿಯನ್ನು ಒರೆಸಿಕೊಂಡು ಎದ್ದು ನಿಂತರು.

“ಹೇಳತೀನಿ. ಮೊದಲ ನೀ ಹೇಳು, ಈ ಶ್ರಾವಣದಾಗ ನಿನ್ನ ಹಾಸಿಗಿ ಎಲ್ಲಿಂದ ಎಲ್ಲಿಗೆ ಸರೀತು?”