ಒಂದು ಲಡಿ ನೋಡಿದ ಅತ್ತೆ

"ಅಕ್ಕೋರೆ, ಎಚ್‌ಪಿವಿ ಅಂದರೂ ಗರ್ಭಕೋಶದ ಕಡೆಯದೇ, ಎಂಡೊಮೆಟ್ರಿಯೋಸಿಸ್ ಅಂದರೂ ಆ ಕಡೆಯದೇ. ಒಂದರ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದ ಮೇಲೆ ಇನ್ನೊಂದನ್ನು ಯಾಕೆ ಹುಡುಕಬೇಕು?"

ಕೇಳಿದವಳು ಮಹಾನಂದಾ. ಊರಿನ ಆಶಾ ಕಾರ್ಯಕರ್ತೆಯಾಗಿ ಸೇರಿ ಅವಳಿಗೆ ಎರಡು ತಿಂಗಳಾಗಿತ್ತು. ಆ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಆರೋಗ್ಯ ಕೇಂದ್ರಕ್ಕೆ ಬಂದ ಹೆಂಗಸೊಬ್ಬಳಿಗೆ, ಅವಳ ಪರೀಕ್ಷೆಯ ಫಲಿತಾಂಶ ನೋಡಿ, "ನಿನಗೆ ಎಚ್‌ಪಿವಿ ಇಲ್ಲ, ಏನೂ ಆಗಿಲ್ಲ, ಮನೆಗೆ ಹೋಗು" ಎಂದು ಚೀಟಿ ಬರೆದುಕೊಟ್ಟು ಕಳಿಸಿದ್ದಳು. ಅದನ್ನು ಹೆಮ್ಮೆಯಿಂದಲೇ ಹೇಳಿದಳು.

ಅವಳಿಗೆ ಕೆಲಸ ಕಲಿಸುತ್ತಿದ್ದ ಹಳೆಯ ನರ್ಸ್ ಗುರುಸಿದ್ದವ್ವ ಒಂದು ಕತೆ ಹೇಳಿದರು.

ಒಬ್ಬ ನೇಕಾರ ಹೆಂಗಸಿದ್ದಳು. ಅವಳಿಗೆ ನಾಲ್ಕು ಮಗ್ಗ, ಇಬ್ಬರು ಸೊಸೆಯರು. ಬಣ್ಣದ ನೂಲಿನ ಕಟ್ಟು ಮನೆಗೆ ಬಂದರೆ ಅದರಿಂದ ಒಂದೇ ಲಡಿ, ಒಂದು ಸುತ್ತು ನೂಲು, ಎಳೆದು, ನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಗೆ ಉಜ್ಜಿ ನೋಡುತ್ತಿದ್ದಳು. ಆ ಲಡಿ ಬಣ್ಣ ಬಿಡದಿದ್ದರೆ ಇಡೀ ಕಟ್ಟು ಮಗ್ಗಕ್ಕೆ ಹೋಗುತ್ತಿತ್ತು. ನಲವತ್ತು ವರ್ಷದಲ್ಲಿ ಈ ರೀತಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಹಾಗಾಗಿ ಇದು ನೂಲಿಗೆ ಮಾತ್ರ ಸಲ್ಲುವ ರೀತಿ ಎಂಬುದನ್ನು ಅವಳು ಮರೆತಿದ್ದಳು.

ಹಿರಿಸೊಸೆಗೆ ಪ್ರತಿ ತಿಂಗಳು ಮುಟ್ಟಿನ ದಿನಗಳಲ್ಲಿ ಹೊಟ್ಟೆ ಹಿಂಡುತ್ತಿತ್ತು. ಮಗ್ಗದ ಮುಂದೆ ಕೂರಲು ಆಗುತ್ತಿರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿರಲಿಲ್ಲ. ಕಿರಿಸೊಸೆಗೆ ಹತ್ತು ವರ್ಷದ ಮಗಳಿದ್ದಳು. ಅವಳ ಬಾಯಿಂದ ತಲೆನೋವು ಎಂಬ ಮಾತನ್ನೂ ಯಾರೂ ಕೇಳಿರಲಿಲ್ಲ.

ಒಮ್ಮೆ ಊರಿನ ಶಾಲೆಯಲ್ಲಿ ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕಂಠದ ಪರೀಕ್ಷೆ ಇಟ್ಟರು. ಎಚ್‌ಪಿವಿ ಎಂಬ ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆ ಅದು. ಅತ್ತೆ ಹಿರಿಸೊಸೆಯನ್ನು ಮಾತ್ರ ಕಳಿಸಿದಳು.

"ಒಬ್ಬಳನ್ನು ನೋಡಿದರೆ ಸಾಕು," ಎಂದಳು. "ಇಬ್ಬರೂ ಉಣ್ಣುವುದು ಒಂದೇ ಒಲೆಯ ಅನ್ನ."

ವೈರಸ್ ಇಲ್ಲ ಎಂದು ಚೀಟಿ ಬಂತು. ಅತ್ತೆ ಅದನ್ನು ಓಣಿಗೆಲ್ಲ ತೋರಿಸಿದಳು. ಆಮೇಲೆ ಹಿರಿಸೊಸೆಗೆ ಹೇಳಿದಳು: "ರೋಗ ಇಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿದೆ. ನಿನಗಿರುವುದು ಮೈಗಳ್ಳತನ. ದೀಪಾವಳಿ ತನಕ ನೋಡುತ್ತೇನೆ. ಆಮೇಲೂ ಹೀಗೆ ಮುದುಡಿ ಮಲಗಿದರೆ ತವರಿಗೆ ಹೋಗು. ನನ್ನ ಮಗನಿಗೆ ಹೆಣ್ಣು ಸಿಗದೇನಲ್ಲ."

ಹಿರಿಸೊಸೆ ಚೀಟಿಯನ್ನು ಮಡಿಸಿ ಟ್ರಂಕಿನ ತಳದಲ್ಲಿಟ್ಟಳು. ಬರೆದದ್ದು ಒಳ್ಳೆಯ ಸುದ್ದಿಯೇ. ಅದೇ ಅವಳನ್ನು ಮನೆಯಿಂದ ಹೊರಗೆ ದೂಡುತ್ತಿತ್ತು.

ಮುಂದಿನ ತಿಂಗಳು ನೋವು ಬಂದಾಗ ಕಿರಿಸೊಸೆ ಅವಳನ್ನು ತಾಲ್ಲೂಕಿನ ಡಾಕ್ಟರಮ್ಮನ ಬಳಿ ಕರೆದೊಯ್ದಳು. ಅತ್ತೆಯೂ ಹೊರಟಳು. ಇದೆಲ್ಲ ನಾಟಕ ಎಂದು ಡಾಕ್ಟರ ಬಾಯಲ್ಲೇ ಹೇಳಿಸಬೇಕಿತ್ತು ಅವಳಿಗೆ.

ಡಾಕ್ಟರು ಹಿರಿಸೊಸೆಯ ಮಾತನ್ನು ಪೂರ್ತಿ ಕೇಳಿ, ಸ್ಕ್ಯಾನ್ ಮಾಡಿಸಿದರು. ಆಮೇಲೆ ಕಿರಿಸೊಸೆಯ ಕಡೆ ತಿರುಗಿ, "ನಿಮ್ಮ ಎಚ್‌ಪಿವಿ ಪರೀಕ್ಷೆ ಆಗಿದೆಯೇ?" ಎಂದರು.

"ಆಗಿದೆ," ಎಂದಳು ಅತ್ತೆ. "ದೊಡ್ಡವಳದ್ದು ನೋಡಿದ್ದಾರಲ್ಲ."

"ಅಮ್ಮಾ, ದೊಡ್ಡವರ ಚೀಟಿಯಲ್ಲಿ ಇವರ ಗರ್ಭಕಂಠ ಕಾಣಿಸುವುದಿಲ್ಲ," ಎಂದರು ಡಾಕ್ಟರು. ಕಿರಿಸೊಸೆಯ ಗರ್ಭಕಂಠವನ್ನು ನೋಡಿ, ವೈರಸ್ ಪರೀಕ್ಷೆಯನ್ನೂ ಮಾಡಿದರು.

ಫಲಿತಾಂಶ ಬಂದ ದಿನ ಮೂವರನ್ನೂ ಕೂರಿಸಿ ಹೇಳಿದರು. ಹಿರಿಸೊಸೆಗೆ ಎಂಡೊಮೆಟ್ರಿಯೋಸಿಸ್. ಕಿರಿಸೊಸೆಗೆ ಎಚ್‌ಪಿವಿ.

ಅತ್ತೆ ಬೆಂಚಿನ ಮೇಲೆ ಹಿರಿಸೊಸೆಯಿಂದ ಒಂದು ಗೇಣು ದೂರ ಸರಿದಳು. "ಇದು ಅಂಟುತ್ತದೆಯೇ?" ಎಂದಳು. ಕಿರಿಸೊಸೆಯನ್ನು ಮೇಲಿಂದ ಕೆಳಗೆ ನೋಡಿ, "ನೀನು ಎಲ್ಲಿಂದ ತಂದೆ?" ಎಂದಳು.

"ನಾನು ನಿಮ್ಮ ಮಗ್ಗ ಬಿಟ್ಟು ಎಲ್ಲಿಗೆ ಹೋಗಿದ್ದೆ ಅಂತ ನೀವೇ ಹೇಳಿ ಅತ್ತೆ," ಎಂದಳು ಕಿರಿಸೊಸೆ. "ನೂಲು ತರಲು ಊರೂರು ಸುತ್ತುವ ನಿಮ್ಮ ಕಿರಿಮಗನನ್ನೂ ಒಂದು ಮಾತು ಕೇಳಿ."

ಡಾಕ್ಟರು ಇಬ್ಬರನ್ನೂ ತಡೆದರು. "ಯಾರನ್ನೂ ಕೇಳಬೇಡಿ. ಎಚ್‌ಪಿವಿ ಗಂಡು ಹೆಣ್ಣಿನ ದೇಹಸಂಪರ್ಕದಿಂದ ಬರುವ ವೈರಸ್. ಲೋಕದ ತುಂಬ ಇದೆ. ಬಹಳ ಜನರಿಗೆ ಬರುತ್ತದೆ, ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂರುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಯಾರೂ ಹೇಳಲಾರರು. ಹೋಗದೆ ಉಳಿದರೆ ಮುಂದೆ ಕ್ಯಾನ್ಸರ್ ಆಗಬಹುದು. ಇವರ ಗರ್ಭಕಂಠದಲ್ಲಿ ಈಗಷ್ಟೇ ಬದಲಾವಣೆ ಶುರುವಾಗಿದೆ, ಆ ಭಾಗವನ್ನು ತೆಗೆಯಬಹುದು. ನೋವು ಬರಲಿ ಎಂದು ಕಾದಿದ್ದರೆ ತಡವಾಗುತ್ತಿತ್ತು. ಇನ್ನು ದೊಡ್ಡವರದ್ದು ವೈರಸ್ಸೇ ಅಲ್ಲ, ಯಾರಿಗೂ ಅಂಟುವುದಿಲ್ಲ. ಗರ್ಭಕೋಶದ ಒಳಗೆ ಇರುವಂಥದೇ ಪದರ ಅದರ ಹೊರಗೆ ಬೆಳೆದಿದೆ. ಮುಟ್ಟು ಬಂದಾಗಲೆಲ್ಲ ಅದೂ ಕೆರಳುತ್ತದೆ. ಬೇರುಸಮೇತ ಹೋಗುತ್ತದೆ ಎಂದು ಮಾತು ಕೊಡಲಾರೆ. ನೋವು ತಗ್ಗಿಸಲು ದಾರಿಯಿದೆ. ಮಗುವಿನ ಆಸೆಯನ್ನೂ ಬಿಡಬೇಕಾಗಿಲ್ಲ."

ಅತ್ತೆ ಇಬ್ಬರು ಸೊಸೆಯರನ್ನೂ ಒಮ್ಮೆ ನೋಡಿದಳು. ಆಮೇಲೆ ತನ್ನ ಮಗ್ಗದ ಮಾತಿನಲ್ಲೇ ಕೇಳಿದಳು: "ಇವಳದ್ದು ನಮ್ಮದೇ ಎಳೆ, ಸಲ್ಲದ ಕಡೆ ಸೇರಿಕೊಂಡು ಜಗ್ಗುತ್ತಿದೆ. ಅವಳದ್ದು ಹೊರಗಿನಿಂದ ಬಂದ ಹುಳ, ಸದ್ದಿಲ್ಲದೆ ಕೂತಿದೆ. ಹೌದೇ?"

"ಹೌದು."

"ನಾನು ಹುಳ ಇಲ್ಲ ಅಂತ ನೋಡಿ, ಎಳೆ ನೆಟ್ಟಗಿದೆ ಅಂದುಬಿಟ್ಟೆ." ಎಂದವಳು ಸರಿದಿದ್ದ ಗೇಣು ಜಾಗವನ್ನು ಮತ್ತೆ ಸರಿದು ತುಂಬಿದಳು.

ದೀಪಾವಳಿ ಬಂತು, ಹೋಯಿತು. ಹಿರಿಸೊಸೆ ಮನೆಯಲ್ಲೇ ಇದ್ದಳು. ಔಷಧಿಯಿಂದ ನೋವು ತಗ್ಗಿತು. ತಗ್ಗದ ದಿನಗಳಲ್ಲಿ ಅತ್ತೆಯೇ ಅವಳ ಮಗ್ಗದಲ್ಲಿ ಕೂತು, "ಅವಳನ್ನು ಎಬ್ಬಿಸಿದವರಿಗೆ ಇವತ್ತು ಊಟ ಇಲ್ಲ," ಎನ್ನುತ್ತಿದ್ದಳು. ಕಿರಿಸೊಸೆ ಚಿಕಿತ್ಸೆ ಮಾಡಿಸಿಕೊಂಡು, ಹೇಳಿದ ದಿನಕ್ಕೆ ತಪ್ಪದೆ ಮರುಪರೀಕ್ಷೆಗೆ ಹೋದಳು. ಮೊಮ್ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದರು.

ಮುಂದಿನ ಸಲ ಶಾಲೆಯಲ್ಲಿ ಪರೀಕ್ಷೆ ಇಟ್ಟಾಗ ಆ ಅತ್ತೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. "ಯಾರನ್ನು ಕರೆತಂದಿದ್ದೀರಿ?" ಎಂದು ನರ್ಸ್ ಕೇಳಿದಳು.

"ನನ್ನನ್ನೇ," ಎಂದಳು. "ಆ ಕಟ್ಟಿನಲ್ಲಿ ನಾನೂ ಒಂದು ಲಡಿ."

ಗುರುಸಿದ್ದವ್ವ ಕತೆ ನಿಲ್ಲಿಸಿದರು. ಮಹಾನಂದಾ ನಕ್ಕಳು. "ಎಂಥಾ ಅತ್ತೆ ಅಕ್ಕೋರೆ! ಚೀಟಿ ಹಿಡಿದು ಸೊಸೆಯನ್ನೇ ಹೊರಗೆ ಹಾಕಲು ಹೊರಟಿದ್ದಳಲ್ಲ."

ಗುರುಸಿದ್ದವ್ವ ನಗಲಿಲ್ಲ.

"ಬೆಳಿಗ್ಗೆ ನೀನು ಬರೆದುಕೊಟ್ಟ ಚೀಟಿ ಈಗ ಯಾವ ಅತ್ತೆಯ ಕೈಯಲ್ಲಿದೆ, ಮಹಾನಂದಾ?"

ಮಹಾನಂದಾ ಆ ಹೆಂಗಸಿನ ಮನೆ ಯಾವ ಓಣಿಯಲ್ಲಿದೆ ಎಂದು ರಿಜಿಸ್ಟರಿನಲ್ಲಿ ನೋಡಿದಳು. ಎದ್ದು ಚಪ್ಪಲಿ ಮೆಟ್ಟಿಕೊಂಡಳು.