ಕೆಂಪು ಜಮಖಾನದ ಮೇಲಿನ ಕಲೆ

“ಮರಳೂರು ಸಂಸ್ಥಾನದ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ಮಹಾರಾಜರ ಕಾರು ಸೋರುತ್ತಿದೆ. ಮೂರು ಒಗಟು ಬಿಡಿಸಿ ಸೋರಿಕೆ ನಿಲ್ಲಿಸಿದವರಿಗೆ ವಾಹನಾಧಿಕಾರಿಯ ಪಟ್ಟ. ತಪ್ಪಿದವರಿಗೆ ತಲೆದಂಡ.”

ಡಂಗುರ ಸಾರಿದ್ದು ಸೋಮವಾರ. ಬುಧವಾರ ಪಕ್ಕದ ಸಂಸ್ಥಾನದಲ್ಲಿ ನಾಮಕರಣ. ಅಲ್ಲಿಯ ರಾಜ ನಮ್ಮ ರಾಜ ಅರಿಭೀಕರನ ಷಡ್ಡಕ. ಮಾವ ಇಬ್ಬರಿಗೂ ಒಂದೇ ದಿನ ಒಂದೇ ಬಗೆಯ ಕಾರು ಕೊಟ್ಟಿದ್ದ. “ನನ್ನ ತಂಗಿ ಗಂಡನ ಕಾರು ಒಂದು ಹನಿಯೂ ಸೋರುವುದಿಲ್ಲವಂತೆ” ಎಂದು ರಾಣಿ ಊಟದ ಹೊತ್ತಿಗೇ ಹೇಳುತ್ತಿದ್ದಳು. ಆರು ತಿಂಗಳಿಂದ ರಾಜನಿಗೆ ಅನ್ನ ಸೇರುತ್ತಿರಲಿಲ್ಲ.

ಒಗಟುಗಳ ಉತ್ತರ ರಾಜನಿಗೂ ತಿಳಿದಿರಲಿಲ್ಲ. ಆದ್ದರಿಂದ ಅವನು ಕೇಳಿದ್ದರಲ್ಲಿ ಪ್ರಾಮಾಣಿಕತೆಯಿತ್ತು.

“ಎಷ್ಟು ಕುಡಿಸಿದರೂ ಬಾಯಾರಿಕೆ ಎನ್ನುತ್ತದೆ. ಅದು ಉಗುಳುತ್ತಿರುವುದು ಏನನ್ನು?”

“ಬೆವರು, ಪ್ರಭು,” ಎಂದ ಲಾಯದ ಮುಖ್ಯಸ್ಥ ದಂಡಪಾಣಿ. ಅವನ ಅನುಭವವೆಲ್ಲ ಕುದುರೆಗಳದ್ದು. ಸೆರೆಮನೆಗೆ ಹೋದ.

“ಎಣ್ಣೆ,” ಎಂದು ರಾಜವೈದ್ಯ ಎರಡು ಸೇರು ಎಣ್ಣೆ ಸುರಿಸಿದ. ಕಾರು ಹೊಗೆಯುಗುಳಿತು. ಅವನೂ ಹೋದ. ನಾಮಕರಣಕ್ಕೆ ಮುಂಚೆ ತಲೆ ಕಡಿಯುವುದು ಅಶುಭವೆಂದು ಇಬ್ಬರನ್ನೂ ಗುರುವಾರದವರೆಗೆ, ಕಾರು ನಿಲ್ಲುವ ಅಂಗಳದ ಎದುರಿನ ಒಂದೇ ಕೋಣೆಯಲ್ಲಿಟ್ಟರು. ತನ್ನ ಉತ್ತರ ಇನ್ನೊಬ್ಬನದಕ್ಕಿಂತ ಮೇಲೆಂದು ಇಬ್ಬರೂ ನಂಬಿದ್ದರು.

ಮಂಗಳವಾರ ಬಂದವನು ಅರಮನೆಯ ಬಟ್ಟೆ ಒಗೆಯುವ ಮಾಚ.

“ಒಗೆಯೋನಿಗೆ ಕಾರಿನ ವಿಷಯ ಏನೋ ಗೊತ್ತು?” ದಂಡಪಾಣಿ ಸರಳುಗಳ ಹಿಂದಿನಿಂದ ಕೂಗಿದ.

“ಕಾರು ಗೊತ್ತಿಲ್ಲ ಅಯ್ಯಾ. ಕಲೆ ಗೊತ್ತು.”

ರಾಜನ ಕಾರು ಬರಿಯ ನೆಲದ ಮೇಲೆ ನಿಲ್ಲಬಾರದೆಂಬುದು ಎರಡೂ ಮನೆತನಗಳ ಪದ್ಧತಿ. ಕಾರಿನ ಕೆಳಗೆ ಕೆಂಪು ಜಮಖಾನ ಹಾಸುತ್ತಿದ್ದರು. ಅದು ಒದ್ದೆಯಾದರೆ ಯಾರಿಗೂ ಬಣ್ಣ ಕಾಣುತ್ತಿರಲಿಲ್ಲ. ಅದನ್ನು ದಿನವೂ ಒಗೆದು ಕೈ ಸೋತಿದ್ದವನು ಮಾಚ ಒಬ್ಬನೇ. ಅವನು ಜಮಖಾನ ಎಳೆದು ಬಿಳಿ ಪಂಚೆ ಹಾಸಿದ. ಸ್ವಲ್ಪ ಹೊತ್ತಿಗೆ ಹಸಿರು ಕಲೆ ಮೂಡಿತು.

“ಎಣ್ಣೆಯಾದರೆ ಕಪ್ಪಗೆ ಅಂಟುತ್ತದೆ, ಬುದ್ಧಿ. ಇದು ಎಂಜಿನ್ ತಣಿಸುವ ಹಸಿರು ನೀರು.”

“ಹನಿ ಬೀಳುವುದು ಒಂದು ಕಡೆ, ಹುಟ್ಟುವುದು ಇನ್ನೊಂದು ಕಡೆ. ಅದರ ತವರು ಯಾವುದು?” ಇದು ರಾಜನ ಎರಡನೆಯ ಒಗಟು.

ಮಾಚ ಎಂಜಿನನ್ನು ಒರೆಸಿ ಒಣಗಿಸಿ, ಅಕ್ಕಿಹಿಟ್ಟು ಉದುರಿಸಿ, ಚಾಲೂ ಮಾಡಿಸಿದ. ಹಿಟ್ಟಿನಲ್ಲಿ ಒದ್ದೆ ಗೆರೆಯೊಂದು ಇಳಿಯಿತು. ಅದರ ತುದಿ ಹಿಡಿದು ಮೇಲೆ ಹೋದರೆ, ರೇಡಿಯೇಟರಿನ ಮೇಲಿನ ರಬ್ಬರ್ ಪೈಪಿನಲ್ಲಿ ಉಗುರಿನಷ್ಟು ಬಿರುಕು.

“ಹೊಸ ಪೈಪು ಬರಲು ವಾರ ಬೇಕು. ನಾಳೆ ಷಡ್ಡಕನ ಅಂಗಳದಲ್ಲಿ ನನ್ನ ಮಾನ ಸೋರದಂತೆ ಕಟ್ಟುವುದು ಯಾವುದು?” ಎಂದು ರಾಜ ಮೂರನೆಯದನ್ನು ಕೇಳಿದ.

“ಸೈಕಲ್ ಟ್ಯೂಬು.”

ಸಭೆ ನಕ್ಕಿತು. ಮಾಚ ಎಂಜಿನ್ ಆರುವವರೆಗೆ ಕಾದ. ಬಿಸಿಯಲ್ಲಿ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಬೇಯುತ್ತದೆ. ಪೈಪು ಒರೆಸಿ, ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ, ತಂತಿಯಿಂದ ಬಿಗಿದ. ನೀರು ತುಂಬಿಸಿದ. “ನಿಧಾನವಾಗಿ ಹೋಗಬೇಕು ಬುದ್ಧಿ. ಇದು ಬರಿ ಹೋಗಿ ಬರುವಷ್ಟಕ್ಕೆ.”

ಬುಧವಾರ ಷಡ್ಡಕನ ಅಂಗಳದಲ್ಲಿ ರಾಜನ ಕಾರು ಒಂದು ಹನಿಯೂ ಬಿಡಲಿಲ್ಲ. ಪಕ್ಕದಲ್ಲೇ ಷಡ್ಡಕನ ಕಾರು, ಕೆಂಪು ಜಮಖಾನದ ಮೇಲೆ. ಜೊತೆಗೆ ಬಂದಿದ್ದ ಮಾಚ ಅದರ ಅಂಚು ಮುಟ್ಟಿ, ಬೆರಳನ್ನು ತನ್ನ ಬಿಳಿ ಪಂಚೆಗೆ ಒರೆಸಿ ನೋಡಿದ.

“ಬುದ್ಧಿ, ಇದೂ ಅದೇ ಹಸಿರು ನೀರು. ಟ್ಯೂಬು ಒಂದು ತುಂಡು ಉಳಿದಿದೆ. ಕಟ್ಟಿಬಿಡಲಾ?”

ರಾಜ ಬಗ್ಗಿ ತಾನೂ ಮುಟ್ಟಿದ, ಮೂಸಿದ. “ಆ ತುಂಡು ಇಲ್ಲಿ ಕೊಡು,” ಎಂದು ಜೇಬಿಗೆ ಹಾಕಿಕೊಂಡ. ಮಾಚನಿಗೆ ಅಲ್ಲೇ ವಾಹನಾಧಿಕಾರಿಯ ಪಟ್ಟವಾಯಿತು. ಸೆರೆಯಲ್ಲಿದ್ದ ಇಬ್ಬರಿಗೂ ಕ್ಷಮೆ ಸಿಕ್ಕಿತು. ಅವರು ಮಾತ್ರ ಮಾಚನನ್ನು ಇಂದಿಗೂ ಕ್ಷಮಿಸಿಲ್ಲ.

ಆ ಮಧ್ಯಾಹ್ನ ರಾಜ ಮೂರು ಸಲ ಅನ್ನ ಹಾಕಿಸಿಕೊಂಡ.