ಮೇಕೆಯ ಬೆರ್ತಾ ಮತ್ತು ಬರಿದಾದ ರೋಮ್

"ಕೇಳಿರಪ್ಪೋ ಕೇಳಿ! ರೋಮಿನ ಒಡೆಯರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ಪಟ್ಟ ಕೇಳಿದರೆ ಪಟ್ಟವೇ! ತಪ್ಪಿದವರ ತಲೆ ಹೋಗುತ್ತದೆ!"

ಡಂಗುರದವನು ಸಾರುತ್ತ ನಡೆದದ್ದು ಮೇಕೆಗಳ ನಡುವೆ. ಒಂದು ಕಾಲಕ್ಕೆ ಹತ್ತು ಲಕ್ಷ ಜನ ತುಂಬಿ ತುಳುಕುತ್ತಿದ್ದ ಪಟ್ಟಣದಲ್ಲಿ ಆಗ ಉಳಿದವರು ಮೂವತ್ತು ಸಾವಿರವಿದ್ದರೆ ಹೆಚ್ಚು. ಮೇಕೆ ಕಾಯುವ ಬೆರ್ತಾ ಹಾಲು ಕರೆಯುತ್ತಿದ್ದ ಜಾಗ ಹಿಂದೆ ದೊಡ್ಡ ಸ್ನಾನದ ಮನೆ. ಅಲ್ಲಿನ ಹಬೆಯಲ್ಲಿ ಪಕ್ಕದವರ ಮುಖವೂ ಕಾಣುತ್ತಿರಲಿಲ್ಲವಂತೆ. ಅವಳ ಅಜ್ಜಿ, ತಾನೇ ಮಿಂದು ಬಂದವಳ ಹಾಗೆ ಹೇಳುತ್ತಿದ್ದಳು.

ಬೆರ್ತಾಳಿಗೆ ಪಟ್ಟ ಬೇಕಿರಲಿಲ್ಲ. ಅವಳ ಅಕ್ಕ ಅಗ್ನೇಸಾ ಬೆಟ್ಟದೂರಿನಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದು, ಐದು ದಿನದಿಂದ ಹೆಬ್ಬಾಗಿಲ ಹೊರಗೆ ಕೂತಿದ್ದಳು. ಹಿಂದೊಮ್ಮೆ ಮಾರಿಬೇನೆ ಬಂದಾಗ ಹೆದರಿದ ಒಡೆಯರು ಪರವೂರಿನವರಿಗೆ ಬಾಗಿಲು ಮುಚ್ಚಿಸಿದ್ದರು. ಬೇನೆ ಹೋಗಿ ಮೂರು ವರ್ಷವಾದರೂ ತೆರೆಸಿರಲಿಲ್ಲ.

ಅಕ್ಕನ ಸಲುವಾಗಿ ಬೆರ್ತಾ ಅರಮನೆಗೆ ಹೋದಳು. ಅಲ್ಲಿ ಅವಳಿಗಿಂತ ಮೊದಲೇ ಇಬ್ಬರು ಒಗಟು ಬಿಡಿಸಲು ನಿಂತಿದ್ದರು. ಮುದಿ ಒಡೆಯರು ಕೇಳಿದರು: "ಅಜ್ಜನ ಅಂಗಿ ಮೊಮ್ಮಗನಿಗೆ ಬಂತು. ಅವನು ಅದರ ಒಂದು ತೋಳಿನೊಳಗೇ ಬಾಳುತ್ತಾನೆ, ಮಿಕ್ಕ ಅಂಗಿಯಲ್ಲಿ ದನ ಮೇಯುತ್ತವೆ. ಏನದು?"

"ಆಕಾಶ!" ಎಂದ ಹಳೇ ಮನೆತನದ ಲಾಂಬೆರ್ತೊ. ಭಟರು ಅವನನ್ನು ಸೆರೆಗೆ ಎಳೆದೊಯ್ದರು.

ಬೆರ್ತಾ ಅದನ್ನು ಕಣ್ಣಾರೆ ಕಂಡಳು. ಆದರೂ ಹೇಳಿದಳು: "ಊರಿನ ಕೋಟೆಗೋಡೆ, ಒಡೆಯಾ. ಹಿರಿಯರು ಕಟ್ಟಿದ್ದು ಅಷ್ಟಗಲ. ನಾವೆಲ್ಲ ಇರುವುದು ಹೊಳೆಯ ತಿರುವಿನಲ್ಲಿ. ಮಿಕ್ಕ ಕಡೆ ನನ್ನ ಮೇಕೆಗಳೇ ಇವೆ."

"ಸರಿ. ನೂರಾರು ಕಾಲು, ಒಂದು ಹೆಜ್ಜೆಯೂ ಇಟ್ಟಿಲ್ಲ. ಗಂಟಲು ಒದ್ದೆಯಿದ್ದಾಗ ಊರನ್ನು ಸಾಕಿತು. ಒಣಗಿದಾಗ ಊರನ್ನೇ ನುಂಗಿತು. ಏನದು?"

"ಜರಿಹುಳು," ಎಂದ ಪಂಡಿತ ಒತ್ತೋನೆಯೂ ಸೆರೆಮನೆ ಸೇರಿದ.

"ಕಮಾನುಗಳ ಮೇಲಿನ ನೀರುಕಾಲುವೆ," ಎಂದಳು ಬೆರ್ತಾ. "ದಂಡು ಬಂದು ಕಡಿದ ಮೇಲೆ ಗುಡ್ಡದ ಕೇರಿಗಳಿಗೆ ನೀರಿಲ್ಲವಾಯಿತು. ಜನ ಹೊಳೆಗೆ ಇಳಿದರು, ಇಲ್ಲವೇ ಊರನ್ನೇ ಬಿಟ್ಟರು."

ಒಡೆಯರು ಕಣ್ಣು ಮುಚ್ಚಿಕೊಂಡರು. "ಮೂರನೆಯದು. ಅವಳು ತಾಯಿ. ಹೆತ್ತ ಮಕ್ಕಳೆಲ್ಲ ಸತ್ತರೂ ಸಾಯುವುದಿಲ್ಲ. ಹೆರದ ಮಕ್ಕಳು ಬರದಿದ್ದರೆ ಸಾಯುತ್ತಾಳೆ. ಯಾರವಳು?"

ಬೆರ್ತಾಳಿಗೆ ಹೊಳೆಯಲಿಲ್ಲ. ಭಟನೊಬ್ಬ ಅವಳ ತೋಳಿಗೆ ಕೈ ಹಾಕಿದ. ಇನ್ನು ಅಕ್ಕನಿಗೆ ಯಾರು ಗತಿ? ಅಜ್ಜಿಯೂ ಅಕ್ಕನ ಹಾಗೇ ಅದೇ ಬೆಟ್ಟದಿಂದ, ಮೇಕೆ ಹೊಡೆದುಕೊಂಡು ಬಂದವಳಲ್ಲವೇ! ಬಂದ ವರ್ಷಕ್ಕೇ 'ನಮ್ಮೂರು' ಅನ್ನತೊಡಗಿದ್ದಳಂತೆ.

"ಈ ಊರೇ ಆ ತಾಯಿ!" ಎಂದು ಕೂಗಿದಳು ಬೆರ್ತಾ. "ಬರ, ಬೇನೆ, ಯುದ್ಧ, ಎಷ್ಟು ಸಲ ಖಾಲಿಯಾಯಿತೋ! ಪ್ರತಿ ಸಲವೂ ತುಂಬಿದವರು ಹೊರಗಿನಿಂದ ಬಂದವರು. ಬಾಗಿಲು ಹಾಕಿದರೆ ಅವಳು ಉಳಿಯುವುದು ಹೇಗೆ, ಒಡೆಯಾ?"

ಮುದುಕರ ಕಣ್ಣು ತುಂಬಿತು. "ನನ್ನ ತಾಯಿ ಹೇಳುತ್ತಿದ್ದ ಒಗಟು, ಮಗಳೇ. ಉತ್ತರ ಗೊತ್ತಿದ್ದೂ ಹೆದರಿ ಕೂತೆ. ಏನು ಬೇಕು, ಕೇಳು."

"ಆ ಇಬ್ಬರ ತಲೆ ಉಳಿಸಿ. ಹೆಬ್ಬಾಗಿಲು ತೆರೆಸಿ."

ಸಂಜೆಗೆ ಅಗಳಿ ಸರಿಯಿತು. ಅಗ್ನೇಸಾಳ ಹಿಂದೆ ಗಂಟುಮೂಟೆ ಹೊತ್ತ ನೂರು ಜನ ಒಳಬಂದರು. ಅವಳು ನಿರ್ಜನ ಬೀದಿಗಳನ್ನು ಕಂಡು ಅಳುಕಿದಳು. "ನಾವು ಎಲ್ಲಿರೋದೇ, ಬೆರ್ತಾ?"

"ಎಲ್ಲಿ ಬೇಕೋ ಅಲ್ಲಿ ಒಲೆ ಹೂಡು, ಅಕ್ಕಾ," ಎಂದು ಬೆರ್ತಾ ಚಿಕ್ಕ ಮಗುವನ್ನು ಎತ್ತಿಕೊಂಡಳು. "ಊರು ನಿಮಗಾಗಿಯೇ ಕಾದಿತ್ತು."